ಕೊಯ್ಯದ ಕತ್ತಿ

ಕತ್ತಿ ಮನೆಗೆ ಬಂದದ್ದು ಒಂದು ಮಂಗಳವಾರ. ಡೆಲಿವರಿ ಹುಡುಗ ಒಟಿಪಿ ಕೇಳಿ, ಉದ್ದನೆಯ ಡಬ್ಬಿ ಕೈಗಿಟ್ಟು, "ಕ್ರಿಕೆಟ್ ಬ್ಯಾಟಾ ಸರ್?" ಅಂದ. "ಹೂಂ" ಅಂದುಬಿಟ್ಟೆ. ಸುಳ್ಳು ಹೇಳುವ ಅಗತ್ಯ ಏನಿತ್ತೋ, ಆಗ ಯೋಚನೆ ಮಾಡಲಿಲ್ಲ.

ಆಫೀಸಿನ ವಾರ್ಷಿಕೋತ್ಸವಕ್ಕೆ ಆ ವರ್ಷ ಕಡಲ್ಗಳ್ಳರ ಥೀಮು. ಎಚ್ಆರ್‌ನವರು ಮೇಲ್ ಹಾಕಿದ್ದರು, ಚಂದ ವೇಷ ಹಾಕಿದ ಟೀಮಿಗೆ ಗಿಫ್ಟ್ ವೋಚರ್ ಅಂತ. ಕಣ್ಣಿಗೆ ಕಪ್ಪು ಪಟ್ಟಿ, ತಲೆಗೆ ಕೆಂಪು ರುಮಾಲು, ಸೊಂಟಕ್ಕೆ ಈ ಕತ್ತಿ. ಎರಡು ಅಡಿ ಉದ್ದದ, ಚೂರು ಬಾಗಿದ ಸ್ಟೀಲಿನ ಅಲಗು. ಹಿಡಿಕೆಯ ಸುತ್ತ ಹಿತ್ತಾಳೆ ಬಣ್ಣದ ಕಾಪು, ಅದರ ಮೇಲೊಂದು ತಲೆಬುರುಡೆ. ಅಂಚು ಪೂರ್ತಿ ಮೊಂಡು. ಡಬ್ಬಿಯ ಮೇಲೆ 'ಅಲಂಕಾರಕ್ಕೆ ಮಾತ್ರ' ಎಂಬ ಅರ್ಥದ ಚೀಟಿ ಬೇರೆ. ವೋಚರು ಪಕ್ಕದ ಟೀಮಿಗೆ ಹೋಯಿತು. ಕತ್ತಿ ನನ್ನ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿತು.

ಮುಂದೆ ಊರಿಗೆ ಹೋದಾಗ ಅದನ್ನು ಅಕ್ಕನ ಮಗನಿಗೆ ಕೊಟ್ಟೆ. ಅವನಿಗೆ ಹದಿನೈದು. ಇಳಕಲ್‌ನಲ್ಲಿ ಅಕ್ಕನ ಮನೆ, ಭಾವನಿಗೆ ನಾಲ್ಕು ಮಗ್ಗ. ಹುಡುಗ ಕತ್ತಿ ಕೈಗೆ ತಗೊಂಡು, ಎರಡು ಸಲ ಗಾಳಿಯಲ್ಲಿ ಬೀಸಿ, "ಮಾಮಾ, ಖರೇ ತಲವಾರ ಇದ್ದಂಗ ಐತಲ್ಲೋ!" ಅಂದ. ಅವನ ಮುಖ ನೋಡಿ ನನಗೂ ಹಿಗ್ಗಾಯಿತು. ನಾನು ಅವನ ವಯಸ್ಸಿಗಿಂತ ಚಿಕ್ಕವನಿದ್ದಾಗ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಪ್ಲಾಸ್ಟಿಕ್ ಖಡ್ಗಕ್ಕಾಗಿ ಮಣ್ಣಲ್ಲಿ ಹೊರಳಾಡಿ ಅತ್ತಿದ್ದೆ. ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯುವ ಜಾತ್ರೆ ಅದು. ಒಂದರ ಪಕ್ಕ ಒಂದು ನಾಟಕ ಕಂಪನಿಗಳ ಟೆಂಟು, ಎದುರಿಗೆ ಆಟಿಕೆ ಅಂಗಡಿಗಳ ಸಾಲು. ನಾಟಕ ನೋಡಿ ಹೊರಗೆ ಬಂದ ಹುಡುಗನಿಗೆ ಖಡ್ಗ ಬೇಡವೆನ್ನಲು ಯಾವ ಅಪ್ಪನಿಗಾದರೂ ಸಾಧ್ಯವೇ? ನಮ್ಮಪ್ಪನಿಗೆ ಸಾಧ್ಯವಾಯಿತು. ಆ ಸೇಡನ್ನು ಅಳಿಯನ ಮೂಲಕ ತೀರಿಸಿಕೊಂಡೆ ಅನ್ನಬಹುದು.

ಎರಡು ತಿಂಗಳಾದ ಮೇಲೆ ಹುಡುಗನ ಹುಟ್ಟುಹಬ್ಬದ ರೀಲ್ಸ್ ಬಂತು. ಹದಿನೆಂಟು ಸೆಕೆಂಡು. ಓಣಿಯಲ್ಲಿ ನಿಂತ ಬೈಕಿನ ಸೀಟಿನ ಮೇಲೆ ಕೇಕು, ಸುತ್ತ ಎಂಟ್ಹತ್ತು ಹುಡುಗರು, ಹಿಂದೆ ಸಿನಿಮಾದ ಸಂಗೀತ. ನನ್ನ ಕತ್ತಿಯಿಂದ ಕೇಕು ಕೊಯ್ದು, ಕೆನೆ ಮೆತ್ತಿದ ಅಲಗನ್ನು ರಸ್ತೆಯ ಕಡೆಗೆ ಎತ್ತಿ ಬೀಸುತ್ತಾನೆ. ಮೇಲೆ ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಿಂದ ಎತ್ತಿಕೊಂಡ ಎರಡು ಪದ. ಅದೇ, ನಿಮ್ಮಲ್ಲಿ ಅರ್ಧ ಜನರ ಟೀ ಶರ್ಟಿನ ಮೇಲೂ ಇರುವಂಥದ್ದು. ತಲವಾರಿನಿಂದ ಕೇಕು ಕೊಯ್ದವರ ಮೇಲೆ ಕೇಸು ಹಾಕಿದ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದವನೇ. ಆದರೆ ಅದು ಪುಂಡರ ಸುದ್ದಿ, ಇದು ನಮ್ಮ ಹುಡುಗ, ಅದೂ ಆಟಿಕೆ. ಮೀಟಿಂಗ್ ನಡುವೆ ಮೇಜಿನ ಕೆಳಗೆ ಫೋನ್ ಹಿಡಿದು ಹಾರ್ಟ್ ಒತ್ತಿದೆ.

ದಸರೆಗೆ ಹೋದೆ. ನಮ್ಮ ಕಡೆ ಆಯುಧಪೂಜೆಯ ದಿನಕ್ಕೆ ಖಂಡೇನವಮಿ ಅಂತಲೂ ಅನ್ನುತ್ತಾರೆ. ಖಂಡೆ ಅಂದರೆ ಖಡ್ಗ. ಹೆಸರಿನಲ್ಲಿ ಖಡ್ಗ ಇದ್ದರೂ ಮನೆಯಲ್ಲಿ ಪೂಜೆಗೆ ಇಡುವುದು ಮಾತ್ರ ಕುಡಗೋಲು, ಕುರಪಿ, ಈಳಿಗಿ, ಮಗ್ಗದ ಲಾಳಿ, ಸ್ಕ್ರೂಡ್ರೈವರು. ಈಗೀಗ ಬೈಕು, ನನ್ನ ಲ್ಯಾಪ್‌ಟಾಪು. ಆ ವರ್ಷ ಇವುಗಳ ನಟ್ಟನಡುವೆ ತಲೆಬುರುಡೆಯ ಕತ್ತಿಯೂ ಮಲಗಿತ್ತು. ಅಳಿಯ ಅದಕ್ಕೆ ವಿಭೂತಿ ಎಳೆದು, ಚೆಂಡುಹೂವು ಏರಿಸಿದ್ದ. ಬುರುಡೆಯ ಎರಡು ಕಣ್ಣಿನ ನಡುವೆ ಕುಂಕುಮ.

ಹಬ್ಬಕ್ಕೆ ಹುನಗುಂದ ತಾಲ್ಲೂಕಿನ ನಮ್ಮ ಹಳ್ಳಿಯಿಂದ ದೊಡ್ಡಪ್ಪನೂ ಬಂದಿದ್ದ. ಎಂಬತ್ತರ ಹತ್ತಿರ ಅವನಿಗೆ. ವಯಸ್ಸಿನಲ್ಲಿದ್ದಾಗ ಊರ ದೊಡ್ಡಾಟದಲ್ಲಿ ರಾಕ್ಷಸನ ಪಾರ್ಟು ಅವನಿಗೇ ಕಾಯಂ. ಕನ್ನಡಿ ಚೂರು ಅಂಟಿಸಿದ ಕಟ್ಟಿಗೆಯ ಭುಜಕೀರ್ತಿ, ಎದೆಕಟ್ಟು, ಬೇಗಡೆ ಹಚ್ಚಿದ ಕಟ್ಟಿಗೆಯ ಖಡ್ಗ. ಹತ್ತು ಕೇಜಿ ವೇಷ ಹೊತ್ತು ಬೆಳತನಕ ಕುಣಿಯುತ್ತಿದ್ದನಂತೆ. ಅವನು ಪೂಜೆಯ ಸಾಮಾನುಗಳ ಮುಂದೆ ಕೂತು ಒಂದೊಂದನ್ನೇ ನೋಡಿದ. ಕತ್ತಿ ಎತ್ತಿ, ಅಂಚಿಗೆ ಹೆಬ್ಬೆರಳು ಸವರಿ, ನನ್ನ ಕಡೆ ತಿರುಗಿ ಕೇಳಿದ:

"ಇದಕ್ಕ ಏನ್ ಕೆಲಸ ಐತಿ ತಮ್ಮಾ?"

"ಕೆಲಸ ಏನಿಲ್ಲ ದೊಡ್ಡಪ್ಪ, ಶೋಕಿಗೆ."

"ಕೆಲಸ ಇಲ್ಲದ್ದಕ್ಕ ಪೂಜಿ ಯಾಕ?" ಅಂದವನೇ ಹೂವು ತೆಗೆದು ಕುಡಗೋಲಿಗೆ ಏರಿಸಿ, ಕತ್ತಿಯನ್ನು ಪಕ್ಕಕ್ಕಿಟ್ಟ.

ಹುಡುಗನ ಮುಖ ಸಣ್ಣದಾಯಿತು. ಅವನನ್ನು ಸಮಾಧಾನ ಮಾಡುವ ಹುಕಿಯಲ್ಲಿ ನಾನೇ ಫೋನ್ ತೆಗೆದು, "ನೋಡಿಲ್ಲಿ ದೊಡ್ಡಪ್ಪ, ನಿನ್ನ ಮೊಮ್ಮಗ ಹೆಂಗ ಕುಣಿಸ್ಯಾನ" ಅಂತ ರೀಲ್ಸ್ ತೋರಿಸಿದೆ. ಅವನು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಇನ್ನೊಮ್ಮೆ ಹಾಕು ಅಂದ. ಮತ್ತೊಮ್ಮೆ ಅಂದ. ಆಮೇಲೆ, "ಈ ಬಂಡಿಯಾವ ಯಾಕ ತಿರುಗಿದ?"

ಯಾವ ಬಂಡಿ? ಐದಾರು ಸಲ ನೋಡಿದ್ದ ನನಗೆ ಬಂಡಿ ಕಂಡೇ ಇರಲಿಲ್ಲ. ಚಿತ್ರದ ಎಡಗಡೆ ಅಂಚಿನಲ್ಲಿ ಹಣ್ಣಿನ ತಳ್ಳುಗಾಡಿಯ ಮುದುಕನೊಬ್ಬ ಓಣಿಯೊಳಗೆ ಬರುತ್ತಾನೆ. ಕತ್ತಿ ಮೇಲೇಳುತ್ತದೆ. ಮುದುಕ ನಿಲ್ಲುತ್ತಾನೆ. ಹುಡುಗ ರಸ್ತೆಯ ಕಡೆ ಬೀಸಿದಾಗ ಒಂದು ಕೈ ಮುಖಕ್ಕೆ ಅಡ್ಡ ಹೋಗುತ್ತದೆ. ಆಮೇಲೆ ಗಾಡಿಯನ್ನು ಹಿಂದಕ್ಕೆಳೆದು, ತಿರುಗಿಸಿಕೊಂಡು ಚಿತ್ರದಿಂದ ಹೊರಗೆ ಹೋಗುತ್ತಾನೆ. ನಾಲ್ಕು ಸೆಕೆಂಡು ಇರಬಹುದು.

"ಅಂಜ್ಯಾನ ಅಂವಾ," ಅಂದ ದೊಡ್ಡಪ್ಪ.

ನನ್ನೊಳಗಿನ ವಕೀಲ ಕೂಡಲೇ ಎದ್ದು ನಿಂತ. ಕತ್ತಿ ಸುಳ್ಳು, ಅದು ಯಾರನ್ನೂ ಕೊಯ್ಯಲಾರದು. ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಮುದುಕ ತಪ್ಪು ತಿಳಿದುಕೊಂಡ. ಕತ್ತಲಲ್ಲಿ ಹಗ್ಗ ನೋಡಿ ಹಾವೆಂದು ಹೆದರಿದರೆ ಹಗ್ಗದ ತಪ್ಪೇನು? ಈ ವಾದ ಆ ರಾತ್ರಿಯವರೆಗೆ ಗಟ್ಟಿಯಾಗೇ ನಿಂತಿತ್ತು. ಮಲಗಿದ ಮೇಲೆ ಎಲ್ಲಿ ಸಡಿಲ ಅನ್ನೋದು ಹೊಳೆಯಿತು. ಹಗ್ಗ ಹಾವಿನ ವೇಷ ಹಾಕಿರಲಿಲ್ಲ. ನನ್ನ ಕತ್ತಿಯನ್ನು ಮಾಡಿದವನು ಅದು ಖರೇ ಕಾಣಲಿ ಅಂತಲೇ ಮಾಡಿದ್ದ, ನಾನು ಖರೇ ಕಾಣುತ್ತದೆ ಅಂತಲೇ ಕೊಂಡಿದ್ದೆ, ಹುಡುಗ ಖರೇ ಕಾಣಲಿ ಅಂತಲೇ ಬೀಸಿದ್ದ. ಮುದುಕ ಮಾತ್ರ ಅದನ್ನು ಸುಳ್ಳೆಂದು ತಿಳಿಯಬೇಕಿತ್ತು ಅಂತ ನಿರೀಕ್ಷಿಸುವುದು ಯಾವ ನ್ಯಾಯ?

ನಮ್ಮ ಕಾನೂನು ಇದನ್ನು ವಸ್ತುವಿನ ಕಡೆಯಿಂದ ನೋಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಆಯುಧ' ಅಂದರೇನು ಎಂಬ ವಿವರಣೆ ಓದಿದರೆ ಅದರಿಂದ ಹೊರಗಿಟ್ಟ ಎರಡು ಬಗೆ ಕಾಣುತ್ತವೆ. ಮನೆಗೆಲಸಕ್ಕೋ ಬೇಸಾಯಕ್ಕೋ ಅಂತಲೇ ಮಾಡಿದ ವಸ್ತುಗಳು ಒಂದು. ಆಟಿಕೆಯಲ್ಲದೆ ಬೇರೆ ಯಾವುದಕ್ಕೂ ಬಾರದ, ನಿಜವಾದ ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುಗಳು ಇನ್ನೊಂದು. ನಿಯಮಗಳಲ್ಲಿ ಅಳತೆಯೂ ಇದೆ, ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಅಂತ. ಈಳಿಗಿ ಬಚಾವು, ಪ್ಲಾಸ್ಟಿಕ್ ಖಡ್ಗ ಬಚಾವು. ನನ್ನದು ಎರಡಡಿ ಸ್ಟೀಲು, ಸಾಣೆ ಹಿಡಿಯುವವನೊಬ್ಬ ಸಿಕ್ಕರೆ ಅರ್ಧ ಗಂಟೆಯಲ್ಲಿ ಅಂಚು ಬರುತ್ತದೆ. ಆಟಿಕೆ ಎಂಬ ಪದವನ್ನು ನಾನು ಎಷ್ಟು ಧಾರಾಳವಾಗಿ ಬಳಸುತ್ತಿದ್ದೆ ಅಂತ ಆಗ ಅನ್ನಿಸಿತು.

ಆದರೆ ದೊಡ್ಡಪ್ಪನ ಪ್ರಶ್ನೆ ಕಾನೂನಿನ ಪ್ರಶ್ನೆಯಲ್ಲ. ಅವನು ಕೇಳಿದ್ದು ಅದರ ಕೆಲಸ ಏನು ಅಂತ. ಈಳಿಗಿಗೆ ಎಂಥ ಹರಿತವಿದೆ, ಅಕ್ಕ ಅದರ ಮುಂದೆ ಕೂತು ಸೌತಿಕಾಯಿ ಹೆಚ್ಚುವಾಗ ಯಾರೂ ಅಂಜುವುದಿಲ್ಲ. ಅದರ ಕೆಲಸ ನಮಗೆ ಗೊತ್ತು. ನನ್ನ ಕತ್ತಿ ಸೌತಿಕಾಯಿಯನ್ನೂ ಕೊಯ್ಯುವುದಿಲ್ಲ. ಕೇಕು ಕೊಯ್ದದ್ದೇ ಅದರ ಜೀವಮಾನದ ಸಾಧನೆ. ಹಾಗಾದರೆ ಅದಕ್ಕೆ ಉಳಿದ ಕೆಲಸ ಯಾವುದು? ನೋಡಿದವರ ಕಣ್ಣಿನ ಮೇಲೆ ಕೆಲಸ ಮಾಡುವುದು, ಅಷ್ಟೇ. ನೋಡಿದವನು ತಮಾಷೆಯಲ್ಲಿ ಪಾಲುಗೊಂಡರೆ ಅದು ಶೋಕಿ, ಪಾಲುಗೊಳ್ಳದಿದ್ದರೆ ಅಂಜಿಕೆ. ಹರಿತವಾದ ತಲವಾರಿಗೆ ಕೊನೇ ಪಕ್ಷ ಬೇರೆ ಉಪಯೋಗವಾದರೂ ಇತ್ತು.

ಹಲಗಲಿಯ ನೆನಪು ಬರದೆ ಇರಲಿಲ್ಲ. ಇದೇ ಜಿಲ್ಲೆ, ಆಗ ಮುಧೋಳ ಸಂಸ್ಥಾನದ ಹಳ್ಳಿ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಎಲ್ಲರೂ ಆಯುಧ ಒಪ್ಪಿಸಬೇಕೆಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ ಜಡಗ, ಬಾಲ ಮುಂತಾದವರನ್ನು ಗಲ್ಲಿಗೇರಿಸಿದರು. ಇದರ ಮೇಲಿನ ಲಾವಣಿಯನ್ನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್ ಸಂಗ್ರಹಿಸಿ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದು ಅದನ್ನೇ. ಸರ್ಕಾರದ ಕಡತದಲ್ಲಿ ದಂಗೆಕೋರರು, ಲಾವಣಿಯಲ್ಲಿ ವೀರರು. ಆಯುಧ ಬೇಟೆಗಾರನ ಅನ್ನ, ಅವನ ಮಾನ. ಅದನ್ನು ಕೊಡು ಅಂದರೆ ಜೀವನವನ್ನೇ ಕೊಡು ಅಂದಂತೆ. ಅಳಿಯ ಶಾಲೆಯಲ್ಲಿ ಈ ಪಾಠವನ್ನು ಬಾಯಿಪಾಠ ಮಾಡಿದ್ದಾನೆ, "ನಾನೂ ತಲವಾರ ಕೊಡಂಗಿಲ್ಲ" ಅಂತ ಅವತ್ತು ರಾತ್ರಿ ನನಗೇ ಎದುರುತ್ತರ ಕೊಟ್ಟ. ಜಾಣ ಹುಡುಗ. ಅವನ ಆನ್‌ಲೈನ್ ತಲವಾರು ಯಾರ ಅನ್ನ, ಯಾರ ಮಾನ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ಕೊಂಡುಕೊಟ್ಟವನು ನಾನು.

ಇನ್ನು ಕಡಲ್ಗಳ್ಳರ ವಿಷಯ. ಈ ಬಾಗಿದ ಮೋಟು ಕತ್ತಿಯನ್ನು ಹಡಗಿನವರು ಇಷ್ಟಪಡುತ್ತಿದ್ದದ್ದು ಇಕ್ಕಟ್ಟಾದ ಅಟ್ಟದ ಮೇಲೆ, ಹಗ್ಗಗಳ ನಡುವೆ ಉದ್ದ ಖಡ್ಗ ಬೀಸಲಾಗದು ಅಂತ. ಅಂದರೆ ಇದು ಎದುರಿನವನ ಉಸಿರು ತಾಗುವಷ್ಟು ಹತ್ತಿರ ನಿಂತು ಕೊಲ್ಲುವ ಆಯುಧ. ಬ್ಲ್ಯಾಕ್‌ಬಿಯರ್ಡ್ ಎಂಬ ಕಡಲ್ಗಳ್ಳ ಸತ್ತದ್ದು 1718ರಲ್ಲಿ. ಮುನ್ನೂರು ವರ್ಷ ದಾಟಿದ ಮೇಲೆ ಅವನ ವೇಷ ನಮ್ಮ ಪಾರ್ಟಿಗೆ ಬಂತು. ಆದರೆ 2010ರ ಆಸುಪಾಸಿನಲ್ಲಿ ಸೊಮಾಲಿಯಾದ ಕಡಲ್ಗಳ್ಳರ ಕೈಯಲ್ಲಿ ಸಿಕ್ಕ ಭಾರತೀಯ ನಾವಿಕರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಒತ್ತೆಯಾಳಾಗಿದ್ದರು. ಆ ಕಡಲ್ಗಳ್ಳರ ವೇಷ ಹಾಕಿಕೊಂಡು ನಮ್ಮ ಆಫೀಸಿಗೆ ಯಾರೂ ಬರಲಿಲ್ಲ. ಬಂದಿದ್ದರೆ ಎಚ್ಆರ್‌ನವರೇ ಮನೆಗೆ ಕಳಿಸುತ್ತಿದ್ದರು. ಹೆದರಿದವರು ಎಲ್ಲರೂ ಸತ್ತು, ಅವರ ಮೊಮ್ಮಕ್ಕಳೂ ಸತ್ತ ಮೇಲೆ ಮಾತ್ರ ಅಂಜಿಕೆ ಶೋಕಿಯಾಗುತ್ತದೆ. ಕತ್ತಿಯ ಹೆದರಿಕೆ ನನಗೆ ಮುನ್ನೂರು ವರ್ಷ ದೂರ. ಆ ಹಣ್ಣಿನ ಮುದುಕನಿಗೆ ಎಷ್ಟು ದೂರವೋ ನಾನು ವಿಚಾರಿಸಿರಲಿಲ್ಲ. ಅವನು ಯಾವ ಊರಲ್ಲಿ, ಯಾವ ವರ್ಷ, ಏನು ನೋಡಿದ್ದಾನೋ.

ಕಪ್ಪೆ ಅರಭಟ್ಟನ ಬಗ್ಗೆಯೂ ಒಂದು ಮಾತು. ಆ ಶಾಸನ ಅವನನ್ನು ಮೊದಲು ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು ಅಂತ ಹೊಗಳುತ್ತದೆ. ಕಾಡುವವರಿಗೆ ಅವನು ಕೆಟ್ಟವನು ಎಂಬುದು ಆಮೇಲೆ ಬರುತ್ತದೆ. ಹುಡುಗ ಎತ್ತಿಕೊಂಡದ್ದು ಕೊನೆಯದನ್ನು ಮಾತ್ರ. ಜೊತೆಗೆ ಅರಭಟ್ಟ ತನ್ನ ಎದುರು ನಿಂತವನು ಯಾರು ಅಂತ ನೋಡಿ ನಡೆದುಕೊಳ್ಳುವ ಮನುಷ್ಯ. ರೀಲ್ಸಿನಲ್ಲಿ ಬೀಸಿದ ಕತ್ತಿಗೆ ಎದುರು ಇಂಥವರೇ ಅಂತ ಯಾರೂ ಇಲ್ಲ. ಓಣಿಗೆ ಯಾರು ಬಂದರೆ ಅವರೇ.

ಬೆಳಿಗ್ಗೆ ಚಹಾ ಕುಡಿಯುವಾಗ ದೊಡ್ಡಪ್ಪನ ಮುಂದೆ ನನ್ನ ಕೊನೆಯ ಅಸ್ತ್ರ ಬಿಟ್ಟೆ. "ನೀನೂ ಜೀವಮಾನಪೂರ್ತಿ ಸುಳ್ಳು ಖಡ್ಗ ಹಿಡಿದು ಮಂದಿಗೆ ಅಂಜಿಸಿದಾವನ ಅಲ್ಲೇನು?"

ಅವನಿಗೆ ಸಿಟ್ಟು ಬರಲಿಲ್ಲ. "ಹೌದಪ. ಅವ್ರು ಅಂಜಾಕ ಅಂತನ ಕಂಬಳಿ ಹೊಚ್ಚಿಕೊಂಡು ಬಂದು ಕುಂದ್ರತಿದ್ರು" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಥೆ ಹೇಳಿದ. ರಾಕ್ಷಸನ ಪ್ರವೇಶ ರಂಗದ ಮೇಲಿನಿಂದ ಅಲ್ಲ, ಮಂದಿಯ ಹಿಂದಿನಿಂದ. ಪಂಜು ಹಿಡಿದವರು ಎರಡೂ ಕಡೆ, ನಡುವೆ ಇವನು ಆರ್ಭಟಿಸುತ್ತಾ ಮಂದಿಯನ್ನು ಸೀಳಿಕೊಂಡು ಬರಬೇಕು. ಒಂದು ವರ್ಷ ಹಾಗೆ ಬರುವಾಗ ತಾಯಿಯ ತೊಡೆಯ ಮೇಲೆ ಮಲಗಿದ್ದ ನಾಲ್ಕೈದು ವರ್ಷದ ಹುಡುಗಿ ಥಟ್ಟನೆ ಎಚ್ಚರಾಗಿ ಇವನ ಮುಖ ನೋಡಿತು. ಆಟ ನೋಡಲು ಬಂದದ್ದು ತಾಯಿ, ಕೂಸಲ್ಲ. ಕೂಸಿಗೆ ಜ್ವರ ಬಂತು. ಬೆಳಗಾಗುವ ಹೊತ್ತಿಗೆ ಸುದ್ದಿ ಚೌಕಿಗೆ ಮುಟ್ಟಿತು. ದೊಡ್ಡಪ್ಪ ವೇಷ ಬಿಚ್ಚಲಿಲ್ಲ. ಬಣ್ಣದ ಮುಖದಲ್ಲೇ, ಖಡ್ಗ ಹಿಡಿದುಕೊಂಡೇ ಆ ಮನೆಗೆ ಹೋದ. ಕಟ್ಟೆಯ ಕೆಳಗೆ, ದೂರದಲ್ಲೇ ಕೂತು, ಒಂದು ಕೊಡ ನೀರು ಕೇಳಿ, ಕೂಸಿನ ಎದುರಿಗೇ ಒಂದೊಂದಾಗಿ ಎಲ್ಲ ತೆಗೆದ. ಕಿರೀಟ, ಮೀಸೆ, ಆಮೇಲೆ ಮುಖದ ಬಣ್ಣ. ಕೆಂಪು ನೀರು ಅಂಗಳದಲ್ಲಿ ಹರಿಯಿತು. ಕಡೆಗೆ ಖಡ್ಗವನ್ನು ಕೂಸಿನ ಕೈಗೆ ಕೊಟ್ಟ. ಕೂಸು ಬೇಗಡೆ ಕಿತ್ತು ನೋಡಿ, ಒಳಗೆ ಕಟ್ಟಿಗೆ ಅಂತ ತಿಳಿದುಕೊಂಡಿತು.

"ನೀ ಬರೇ ಮಾರಿ ತೊಳಕೊಂಡು ಹೋಗಿದ್ರ ಆಗ್ತಿರಲಿಲ್ಲೇನು?" ಅಂದೆ.

"ಆಗ ನಾ ಬ್ಯಾರೆ ಮನಶಾ ಆಗ್ತಿದ್ದೆ. ಅಂಜಿಸಿದಾಂವ ಎಲ್ಲೋ ಉಳೀತಿದ್ದ."

ಹುನಗುಂದ ತಾಲ್ಲೂಕಿನಲ್ಲೇ ಇರುವ ಐಹೊಳೆಗೆ ಆ ಹೆಸರು ಹೇಗೆ ಬಂತು ಅನ್ನೋ ಕಥೆ ನಿಮಗೆ ಗೊತ್ತಿರಬಹುದು. ಪರಶುರಾಮ ಕ್ಷತ್ರಿಯರನ್ನು ಕೊಂದು ಬಂದು ಮಲಪ್ರಭೆಯಲ್ಲಿ ಕೊಡಲಿ ತೊಳೆದಾಗ ನೀರು ಕೆಂಪಾಯಿತು, ಅದನ್ನು ನೋಡಿದ ಹೆಂಗಸು 'ಅಯ್ಯೋ ಹೊಳೆ' ಅಂದಳು ಅಂತ. ಕೊಡಲಿಯ ಪ್ರತಾಪಕ್ಕೆ ಊರಿನ ಹೆಸರಿನಲ್ಲಿ ಜಾಗ ಸಿಗಲಿಲ್ಲ. ನೀರಿಗೆ ಬಂದಿದ್ದ ಹೆಂಗಸಿನ ಹೆದರಿಕೆಗೆ ಸಿಕ್ಕಿತು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಶಾಸನಗಳಲ್ಲಿ ಆರ್ಯಪುರ, ಅಯ್ಯಾವೊಳೆ ಅಂತೆಲ್ಲ ಇದೆ. ಆದರೂ ಕಥೆ ಕಟ್ಟಿದವರು ಯಾರ ಕಡೆ ನಿಂತು ಕಟ್ಟಿದರು ಎಂಬುದು ನನಗೆ ಇಷ್ಟ.

ವಿಜಯದಶಮಿಯ ಸಂಜೆ ಬನ್ನಿ ಕೊಡಲು ಎಲ್ಲರೂ ಹೊರಟಾಗ ನಾನು, ಅಳಿಯ ಕತ್ತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆವು. ಮುದುಕನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡ್ ಕಡೆಯ ರಸ್ತೆಯಲ್ಲಿ ಸೀತಾಫಲ, ಪೇರಲ ಹಚ್ಚಿಕೊಂಡು ನಿಂತಿದ್ದ. ಪೇಪರು ಬಿಚ್ಚುವ ಮೊದಲೇ ಅಳಿಯ, "ಅಜ್ಜಾ, ಅವತ್ತ ನಮ್ಮ ಓಣ್ಯಾಗ ನಾನ ಇದನ್ನ ಬೀಸಿದ್ದೆ. ಇದು ಸುಳ್ಳುಂದು ಅಜ್ಜಾ" ಅಂತ ಒಂದೇ ಉಸಿರಿಗೆ ಹೇಳಿದ. ನಾನು ಬಸ್ಸಿನಲ್ಲಿ ಕೂತವನಂತೆ ಬೇರೆ ಕಡೆ ನೋಡುತ್ತಿದ್ದೆ. ಆಮೇಲೆ, "ತಂದುಕೊಟ್ಟಾಂವ ನಾನ್ರಿ" ಅಂದೆ.

ಮುದುಕ ಕತ್ತಿ ತಗೊಂಡು, ಅಂಚಿಗೆ ಹೆಬ್ಬೆರಳು ಸವರಿದ. ದೊಡ್ಡಪ್ಪ ಸವರಿದ ಹಾಗೇ. "ಪ್ಯಾರಲಹಣ್ಣೂ ಕೊಯ್ಯಂಗಿಲ್ಲಲ್ಲೋ ಇದು!" ಅಂತ ನಕ್ಕ. ಎರಡು ಹಲ್ಲು ಇರಲಿಲ್ಲ. "ಇರಲಿ ಬಿಡ್ರಿ ಸಾಹೇಬ್ರ, ಹುಡುಗರು. ನನಗೇನ ಅಂಜಿಕಿ? ಅವತ್ತ ಬ್ಯಾರೆ ಕೆಲಸ ಇತ್ತು, ಅದಕ್ಕ ಬಂಡಿ ತಿರುಗಿಸಿದೆ." ಹುಡುಗನ ಕೈಗೆ ಒಂದು ಸೀತಾಫಲ ಇಟ್ಟ. ನಾನು ಬನ್ನಿ ಕೊಟ್ಟೆ, ಅವನೂ ಕೊಟ್ಟ. ಬಂಗಾರದಂಗ ಇರೋಣ ಅಂದೆವು. ಎರಡು ಕೇಜಿ ಪೇರಲ ತಗೊಂಡೆ. ದುಡ್ಡು ಹೆಚ್ಚು ಕೊಡಲು ಹೋದಾಗ ಮಾತ್ರ ಅವನ ಮುಖ ಬಿಗಿಯಿತು. ಎಣಿಸಿ ಚಿಲ್ಲರೆ ವಾಪಸ್ ಕೊಟ್ಟ.

ಅಳಿಯ ದಾರಿಯಲ್ಲಿ ಹಗುರಾಗಿದ್ದ. "ನೋಡ್ ಮಾಮಾ, ಅಂವಾ ಅಂಜೇ ಇಲ್ಲ." ನಾನು ಏನೂ ಅನ್ನಲಿಲ್ಲ. ಹೆದರಿದ್ದೆ ಅಂತ ಇಬ್ಬರು ಎಳೆಯರ ಮುಂದೆ ಒಪ್ಪಿಕೊಳ್ಳುವ ಅನುಕೂಲವೂ ಆ ಮನುಷ್ಯನಿಗೆ ಇರಲಿಲ್ಲವೇನೋ. ನಮ್ಮನ್ನು ಸಮಾಧಾನ ಮಾಡಿ ಕಳಿಸಿದವನು ಅವನೇ.

ರೀಲ್ಸನ್ನು ಹುಡುಗ ತಾನಾಗೇ ತೆಗೆದ. ನನ್ನ ಹಾರ್ಟೂ ಅದರ ಜೊತೆ ಹೋಯಿತು. ಕತ್ತಿ ಈಗ ಬೆಂಗಳೂರಿಗೆ ವಾಪಸ್ ಬಂದು ಮಂಚದ ಕೆಳಗಿದೆ. ಗುಜರಿಯವನಿಗೆ ಕೊಟ್ಟರೆ ಅವನು ಇನ್ನೊಬ್ಬನಿಗೆ ಮಾರುತ್ತಾನೆ. ಹೊರಗೆ ಎಸೆದರೆ ಯಾರೋ ಎತ್ತಿಕೊಳ್ಳುತ್ತಾರೆ. ಕುಲುಮೆಯವನೊಬ್ಬ ಸಿಕ್ಕರೆ ಕುರಪಿಗೆ ಬರುತ್ತದಾ ಕೇಳು ಅಂತ ದೊಡ್ಡಪ್ಪ ಹೇಳಿದ್ದಾನೆ. ಔಟರ್ ರಿಂಗ್ ರೋಡಿನಲ್ಲಿ ಕುಲುಮೆ ಹುಡುಕುತ್ತಿದ್ದೇನೆ.

ಕಳೆದ ವಾರ ಅಕ್ಕನಿಗೆ ಫೋನ್ ಮಾಡಿದಾಗ ಹಣ್ಣಿನ ಬಂಡಿ ಬರುತ್ತದಾ ಅಂತ ಕೇಳಿದೆ.

"ಬರ್ತಾನ. ನಮ್ಮ ಓಣಿಗಿ ಬರಂಗಿಲ್ಲ, ಆ ಕಡೆ ಮೂಲ್ಯಾಗ ನಿಂದರ್ತಾನ. ನಾನ ಅಲ್ಲೀತನ ಹೋಗಿ ತರ್ತೀನಿ," ಅಂದಳು.